ಮಾಗಿ ಚಳಿಯಲ್ಲಿ ಸವಾರಿ ಕುದುರೆಯ ಮೈಕೂದಲು: ಮೊದಲು ಒಣಗಿಸಿ, ಆಮೇಲೆ ಹೊದಿಸಿ

ಡಿಸೆಂಬರ್ ಬಂತೆಂದರೆ ಒಂದೇ ದೂರು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. ಕುದುರೆಗೆ ದಪ್ಪ ಹೊದಿಕೆ ಹಾಕಿದ್ದೆ, ಬೆಚ್ಚಗೇ ಇಟ್ಟಿದ್ದೆ, ಆದರೂ ಬೆನ್ನ ಮೇಲೆ ಹಕ್ಕಳೆ ಕಟ್ಟಿದೆ, ಕೂದಲು ಗೊಂಚಲಾಗಿ ಕಿತ್ತು ಬರುತ್ತಿದೆ. ಹೊದಿಕೆ ಯಾವಾಗ ಹಾಕಿದಿರಿ ಎಂದು ಕೇಳಿದರೆ ಉತ್ತರವೂ ಒಂದೇ. ಸವಾರಿ ಮುಗಿಸಿ ಬಂದ ಕೂಡಲೇ, ಬೆವರು ಆರುವ ಮೊದಲೇ.

ತಪ್ಪು ಇರುವುದು ಅಲ್ಲೇ. ಧಾರವಾಡ, ಗದಗ, ಹಾವೇರಿ ಕಡೆಯ ಚಳಿ ಕುದುರೆಗೆ ಮಾಡುವ ತೊಂದರೆ ಕಡಿಮೆ. ಚಳಿಗೆ ಹೆದರಿ ನಾವು ಮಾಡುವ ಕೆಲಸವೇ ಜಾಸ್ತಿ ತೊಂದರೆ ಮಾಡುತ್ತದೆ. ಅದರಲ್ಲೂ ಹಿಂದುಮುಂದಾಗಿ ಮಾಡಿದ ಕೆಲಸ. ಕೆಳಗೆ ಬರೆದ ಎಲ್ಲ ಹಂತಗಳಲ್ಲೂ ಸರದಿ ಒಂದೇ: ಒಣಗಿಸಿ, ಉಜ್ಜಿ, ಬೇಕೇ ಬೇಕಿದ್ದರೆ ಹೊದಿಸಿ.

## ಕೈ ಹಾಕುವ ಮೊದಲು ಇಷ್ಟು ತಿಳಿದಿರಲಿ

ಚಳಿಗಾಲದ ಕೂದಲು ಚಳಿ ಬಿದ್ದ ಮೇಲೆ ಶುರುವಾಗುವುದಲ್ಲ. ಹಗಲು ಚಿಕ್ಕದಾಗುವುದು ಕುದುರೆಯ ಮೈಗೆ ಗೊತ್ತಾಗುತ್ತದೆ. ಜೂನ್ 21ರ ನಂತರ ಹಗಲು ಕುಗ್ಗುತ್ತಾ ಹೋಗುತ್ತದೆ. ಆಗಸ್ಟ್ ಕೊನೆ, ಸೆಪ್ಟೆಂಬರ್ ಹೊತ್ತಿಗೆ, ಇನ್ನೂ ಮಳೆ ಸುರಿಯುತ್ತಿರುವಾಗಲೇ, ಹೊಸ ಕೂದಲು ಹೊರಡುತ್ತದೆ. ಡಿಸೆಂಬರ್ 22 ದಾಟಿ ಹಗಲು ಮತ್ತೆ ಹಿಗ್ಗತೊಡಗಿದಾಗ ಅದೇ ಕೂದಲು ಉದುರುವ ತಯಾರಿ ನಡೆಸುತ್ತದೆ. ಚಳಿ, ಮೇವು, ತಳಿ ಇವೆಲ್ಲ ಕೂದಲು ಎಷ್ಟು ದಪ್ಪ ಎಂಬುದನ್ನು ಸ್ವಲ್ಪ ಏರುಪೇರು ಮಾಡುತ್ತವೆ, ಅಷ್ಟೇ.

ಆದ್ದರಿಂದ ದೀಪಾವಳಿಯಿಂದಲೇ ಹೊದಿಸಿದರೆ ಕೂದಲು ಬೆಳೆಯುವುದಿಲ್ಲ ಎಂಬ ಮಾತನ್ನು ನಂಬಬೇಡಿ. ಹೊದಿಕೆ ಕೂದಲನ್ನು ಒತ್ತಿ ಮಲಗಿಸುತ್ತದೆ, ನೋಡಲು ನುಣುಪಾಗಿ ಕಾಣುತ್ತದೆ. ಹಾಗೆಯೇ ಲಾಯದಲ್ಲಿ ರಾತ್ರಿಯಿಡೀ ಜೋರು ಬೆಳಕಿನ ಬಲ್ಬ್ ಉರಿಸಬೇಡಿ. ದಿನಕ್ಕೆ 16 ಗಂಟೆ ಬೆಳಕು ಬಿದ್ದರೆ ಕುದುರೆಯ ಮೈ ಅದನ್ನು ಬೇಸಿಗೆ ಎಂದು ತಿಳಿದು, ಚಳಿ ಮುಗಿಯುವ ಮೊದಲೇ ಕೂದಲು ಉದುರಿಸುತ್ತದೆ.

ಇನ್ನು ಚಳಿಯ ಲೆಕ್ಕ. ಆರೋಗ್ಯವಾಗಿರುವ, ಮೈ ಒಣಗಿರುವ, ಹೊಟ್ಟೆತುಂಬ ಮೇವು ಸಿಗುವ ದೊಡ್ಡ ಕುದುರೆ ಬೇಸಿಗೆಯ ತೆಳು ಕೂದಲಲ್ಲೇ ಸುಮಾರು 5 ಡಿಗ್ರಿ ಸೆಲ್ಸಿಯಸ್‌ವರೆಗೆ ಆರಾಮಾಗಿ ಇರಬಲ್ಲದು. ಚಳಿಗಾಲದ ಕೂದಲು ಪೂರ್ತಿ ಬಂದಿದ್ದರೆ ಇನ್ನೂ ಕೆಳಗೆ ಇಳಿದರೂ ತಡೆಯುತ್ತದೆ. ನಮ್ಮಲ್ಲಿ ಎಳ್ಳ ಅಮಾವಾಸ್ಯೆ ಆಸುಪಾಸಿನ ನಸುಕಿನಲ್ಲಿ ಸಾಮಾನ್ಯವಾಗಿ 12ರಿಂದ 15 ಡಿಗ್ರಿ ಇರುತ್ತದೆ, ಕೆಲವು ದಿನ ಇನ್ನೊಂದೆರಡು ಡಿಗ್ರಿ ಇಳಿಯುತ್ತದೆ. ಅದೇ ದಿನ ಮಧ್ಯಾಹ್ನ 28, 30 ಮುಟ್ಟುತ್ತದೆ. ನಾವು ಸ್ವೆಟರ್ ಹಾಕಿಕೊಂಡು ನಡುಗುವಾಗ ಕುದುರೆ ಹಾಯಾಗಿರುತ್ತದೆ. ಮಧ್ಯಾಹ್ನ ನಾವು ಸ್ವೆಟರ್ ಬಿಚ್ಚಿಡುತ್ತೇವೆ, ಅದು ಬಿಚ್ಚಲಾರದು.

ಆದರೆ ಈ ಲೆಕ್ಕ ಒಣ ಮೈಗೆ ಮಾತ್ರ. ಚಳಿಯಾದಾಗ ಕುದುರೆಯ ಕೂದಲು ನೆಟ್ಟಗೆ ನಿಂತು ನಡುವೆ ಗಾಳಿ ಹಿಡಿದಿಡುತ್ತದೆ. ಆ ಗಾಳಿಯೇ ಅದರ ಕಂಬಳಿ. ಬೆವರು, ಇಬ್ಬನಿ, ಮಳೆ, ಕೆಸರು ಯಾವುದೇ ಬಿದ್ದರೂ ಕೂದಲು ಅಂಟಿ ಮಲಗುತ್ತದೆ, ಗಾಳಿಯ ಪದರ ಹೋಗುತ್ತದೆ. ಒದ್ದೆ ಮೈಗೆ ಮೂಡುಗಾಳಿ ತಾಗಿದರೆ 15 ಡಿಗ್ರಿಯಲ್ಲೂ ಕುದುರೆ ನಡುಗುತ್ತದೆ.

## ಬೇಕಾಗುವ ಸಾಮಾನು

ದುಬಾರಿ ಸಾಮಾನು ಬೇಡ. ಆದರೆ ಇವು ಶೀಗಿ ಹುಣ್ಣಿಮೆ ಹೊತ್ತಿಗೆ ಕೈಯಲ್ಲಿರಲಿ.

- ಹಲ್ಲಿರುವ ರಬ್ಬರ್ ಬ್ರಷ್. ಮಾಲೀಸಿಗೆ ಇದೇ ಮುಖ್ಯ.
- ಗಡುಸು ಬ್ರಷ್ ಒಂದು, ಮೆತ್ತನೆ ಬ್ರಷ್ ಒಂದು. ಲೋಹದ ಹಲ್ಲಿನ ಬ್ರಷ್ ಇದ್ದರೆ ಅದು ಮೆತ್ತನೆ ಬ್ರಷ್‌ನ ಧೂಳು ತೆಗೆಯಲು ಮಾತ್ರ, ಕುದುರೆಯ ಮೈಗೆ ಅಲ್ಲ.
- ಬೆವರು ಸೆಳೆಯುವ ಪಟ್ಟಿ.
- ನೀರು ಹೀರುವ ಹಳೆಯ ಹತ್ತಿ ಟವೆಲ್ ನಾಲ್ಕೈದು. ಒಂದು ಸಾಲುವುದಿಲ್ಲ.
- ಗೊರಸು ಕೆರೆಯುವ ಕೊಕ್ಕೆ.
- ಒಣ ಹುಲ್ಲು ಮತ್ತು ಗಾಳಿಯಾಡುವ ಸೆಣಬಿನ ಗೋಣಿಚೀಲಗಳನ್ನು ಬಿಚ್ಚಿ ಹೊಲಿದ ಹೊದಿಕೆ.
- ಜ್ವರ ನೋಡುವ ಥರ್ಮಾಮೀಟರ್.

ಗೋಣಿಚೀಲದ ಬಗ್ಗೆ ಒಂದು ಎಚ್ಚರಿಕೆ. ಬ್ಯಾಡಗಿ ಮೆಣಸಿನಕಾಯಿ ತುಂಬಿದ್ದ ಚೀಲ ಬೇಡವೇ ಬೇಡ. ಎಷ್ಟು ಕೊಡವಿದರೂ ಘಾಟು ಹೋಗುವುದಿಲ್ಲ, ಬೆವರಿದ ಚರ್ಮಕ್ಕೆ ತಾಗಿದರೆ ಉರಿ ಎದ್ದು ಕುದುರೆ ಗೋಡೆಗೆ ಮೈ ತಿಕ್ಕುತ್ತದೆ. ಔಷಧಿ ಲೇಪಿಸಿದ ಬಿತ್ತನೆ ಬೀಜ, ಗೊಬ್ಬರ ತುಂಬಿದ್ದ ಚೀಲವೂ ಬೇಡ. ಪ್ಲಾಸ್ಟಿಕ್ ಚೀಲವಂತೂ ಬೆವರನ್ನು ಒಳಗೇ ಕೂಡಿಹಾಕುತ್ತದೆ.

## ಹಂತ 1: ಕಣ್ಣಿಂದಲ್ಲ, ಕೈಯಿಂದ ನೋಡಿ

ದಪ್ಪ ಕೂದಲು ಬಡಕಲು ಮೈಯನ್ನು ಮುಚ್ಚುತ್ತದೆ. ನೋಡಲು ಗುಂಡಗೆ ಕಾಣುವ ಕುದುರೆ ಸಂಕ್ರಾಂತಿ ಹೊತ್ತಿಗೆ ಪಕ್ಕೆಲುಬು ಎಣಿಸುವಂತಾಗಿರುತ್ತದೆ. ಹಾಗಾಗಿ ಅಕ್ಟೋಬರ್‌ನಿಂದ ವಾರಕ್ಕೊಮ್ಮೆ ಅಂಗೈ ಒತ್ತಿ ಪಕ್ಕೆ, ಬೆನ್ನು, ಬಾಲದ ಬುಡ ಮುಟ್ಟಿ ನೋಡಿ. ಮೆಲ್ಲಗೆ ಒತ್ತಿದರೆ ಪಕ್ಕೆಲುಬು ಸಿಗಬೇಕು, ಚೂಪಾಗಿ ಚುಚ್ಚಬಾರದು.

ಇದೇ ಹೊತ್ತಿಗೆ ಕೂದಲು ಬಿಡಿಸಿ ಚರ್ಮ ನೋಡಿ. ಕುತ್ತಿಗೆಯ ಜೂಲಿನ ಬುಡ, ಬಾಲದ ಬುಡ, ತೊಡೆ ಸಂದಿ, ಜೀನು ಕೂರುವ ಜಾಗ. ಹೇನು, ಉಣ್ಣಿ, ಹಳೆಯ ಗಾಯ ಇದ್ದರೆ ಈಗಲೇ ಚಿಕಿತ್ಸೆ ಮಾಡಿಸಿ. ಕೂದಲು ದಟ್ಟವಾದ ಮೇಲೆ ಒಳಗೆ ಏನಾಗುತ್ತಿದೆ ಎಂದು ಗೊತ್ತಾಗುವುದಿಲ್ಲ.

## ಹಂತ 2: ಲಾಯದ ಗಾಳಿ

ಗಾಳಿಯಾಟ ಬೇರೆ, ಮೈಗೆ ಹೊಡೆಯುವ ಗಾಳಿ ಬೇರೆ. ಮೊದಲನೆಯದು ಬೇಕು, ಎರಡನೆಯದು ಬೇಡ.

ಚಳಿ ಬಂತೆಂದು ಲಾಯದ ನಾಲ್ಕೂ ಕಡೆ ತಾಡಪತ್ರಿ ಇಳಿಬಿಡುವುದು ದೊಡ್ಡ ತಪ್ಪು. ಒಳಗೆ ಉಚ್ಚೆಯ ಘಾಟು, ಉಸಿರಿನ ತೇವ ತುಂಬಿ ಕೂದಲು ಬೆಳಗಿನವರೆಗೂ ಆರುವುದಿಲ್ಲ, ಕೆಮ್ಮು ಬೇರೆ ಶುರುವಾಗುತ್ತದೆ. ಗಾಳಿ ಬರುವ ದಿಕ್ಕಿಗೆ ಮಾತ್ರ, ಕುದುರೆಯ ಬೆನ್ನೆತ್ತರದವರೆಗೆ ಮರೆ ಕಟ್ಟಿ. ಅದರ ಮೇಲೆ ತೆರೆದೇ ಇರಲಿ. ಗದಗ, ಮುಂಡರಗಿ, ಕಪ್ಪತಗುಡ್ಡದ ಬಯಲಲ್ಲಿ ಗಾಳಿ ಜೋರು. ಅಲ್ಲಿ ಮೂಡಲ ಮರೆ ಗಟ್ಟಿಯಾಗಿರಬೇಕು. ಕಲಘಟಗಿ, ಹಾನಗಲ್ ಕಡೆ ಗಾಳಿಗಿಂತ ಇಬ್ಬನಿ ಜಾಸ್ತಿ. ಅಲ್ಲಿ ಮೇಲ್ಛಾವಣಿ ಮುಖ್ಯ.

ಬೆಳಗ್ಗೆ ಲಾಯದ ಬಾಗಿಲಲ್ಲಿ ಮಂಡಿಯೂರಿ ಕೂತು ಉಸಿರೆಳೆದು ನೋಡಿ. ನಿಮ್ಮ ಕಣ್ಣು ಉರಿದರೆ ಕುದುರೆಯ ಕಣ್ಣೂ ಉರಿಯುತ್ತಿದೆ. ಅದು ಮಲಗಿ ಉಸಿರಾಡುವುದು ಆ ಎತ್ತರದಲ್ಲೇ ಅಲ್ವಾ? ಸೊಳ್ಳೆಗೆಂದು, ಬೆಚ್ಚಗಾಗಲೆಂದು ಕುಳ್ಳಿನ ಹೊಗೆ ಹಾಕುವುದನ್ನೂ ಬಿಡಿ.

ನೆಲ ಕಲ್ಲು ಅಥವಾ ಸಿಮೆಂಟ್ ಆದರೆ ಅರ್ಧ ಅಡಿ ಒಣ ಭತ್ತದ ಹುಲ್ಲು ಹಾಸಿ. ಒದ್ದೆಯಾದದ್ದನ್ನು ದಿನವೂ ತೆಗೆಯಿರಿ. ಒದ್ದೆ ಹಾಸಿನ ಮೇಲೆ ಮಲಗಿದ ಕುದುರೆಗೆ ಹೊದಿಕೆಯಿಂದ ಏನೂ ಪ್ರಯೋಜನವಿಲ್ಲ.

## ಹಂತ 3: ಸವಾರಿಗೆ ಮುಂಚೆ

ಇಲ್ಲಿ ಹತ್ತು ನಿಮಿಷ ಸಾಕು. ಕೆಲಸ ಎರಡೇ. ಜೀನು, ಹೊಟ್ಟೆಪಟ್ಟಿ, ಲಗಾಮು ಕೂರುವ ಜಾಗದಲ್ಲಿ ಒಣಗಿದ ಬೆವರು, ಮಣ್ಣು, ಹುಲ್ಲಿನ ಚೂರು ಇರಬಾರದು. ಆ ಜಾಗದ ಕೂದಲು ಒದ್ದೆ ಇರಬಾರದು. ಇಬ್ಬನಿಯಲ್ಲಿ ನಿಂತಿದ್ದ ಕುದುರೆಯ ಬೆನ್ನಿಗೆ ಹಾಗೆಯೇ ಜೀನು ಕಟ್ಟಿದರೆ ಒಂದು ಗಂಟೆಯಲ್ಲಿ ಚರ್ಮ ಕೆಂಪಾಗುತ್ತದೆ.

ನವಲಗುಂದ, ಅಣ್ಣಿಗೇರಿ ಕಡೆಯ ಎರೆಮಣ್ಣು ಕಾಲಿಗೆ ಮೆತ್ತಿದ್ದರೆ ನೀರು ಹಾಕಿ ತೊಳೆಯಲು ಹೋಗಬೇಡಿ. ಒಣಗಲು ಬಿಡಿ. ಒಣಗಿದ ಮೇಲೆ ಗಡುಸು ಬ್ರಷ್‌ನಿಂದ ಹೆಂಟೆ ತಾನಾಗೇ ಉದುರುತ್ತದೆ. ದಿನವೂ ಕಾಲು ತೊಳೆದು ಒದ್ದೆ ಬಿಟ್ಟರೆ ಗೊರಸಿನ ಮೇಲಿನ ಸಂದಿಯಲ್ಲಿ ಚರ್ಮ ಬಿರಿದು ಹುಣ್ಣಾಗುತ್ತದೆ.

ರಾತ್ರಿ ಬಯಲಲ್ಲೇ ಇರುವ ಕುದುರೆಯಾದರೆ ಚಳಿಗಾಲದಲ್ಲಿ ತೀರಾ ಹೊಳಪು ಬರುವಂತೆ ಉಜ್ಜಬೇಡಿ. ಕೂದಲ ಬುಡದ ಜಿಡ್ಡು ಅದಕ್ಕೆ ರೇನ್‌ಕೋಟ್ ಇದ್ದ ಹಾಗೆ. ಮಣ್ಣು ಕೊಡವಿ, ಜೀನಿನ ಜಾಗ ಸ್ವಚ್ಛ ಮಾಡಿ, ಅಷ್ಟಕ್ಕೆ ನಿಲ್ಲಿಸಿ.

## ಹಂತ 4: ಸವಾರಿ ಮುಗಿದ ಮೇಲಿನ ಒಂದು ಗಂಟೆ

ಬಹಳ ಜನ ಸೋಲುವುದು ಇಲ್ಲೇ. ಸವಾರಿ ಮುಗಿಯಿತು, ಆಫೀಸಿಗೆ ಹೊತ್ತಾಯಿತು, ಕುದುರೆಯನ್ನು ಕಟ್ಟಿ ಹೊದಿಸಿ ಹೊರಟುಬಿಡುತ್ತೇವೆ. ಈ ಒಂದು ಗಂಟೆ ಕೊಡಲು ಆಗದ ದಿನ ಜೋರಾಗಿ ಓಡಿಸಲೇಬೇಡಿ. ಬೆವರದಂತೆ ನಡೆಸಿ ಸಾಕು.

ಒಂದು. ಸವಾರಿಯ ಕೊನೆಯ 10ರಿಂದ 15 ನಿಮಿಷ ನಡಿಗೆ ಮಾತ್ರ. ಕೊನೆಯ ಐದು ನಿಮಿಷ ಇಳಿದು, ಹೊಟ್ಟೆಪಟ್ಟಿ ಒಂದೆರಡು ತೂತು ಸಡಿಲ ಮಾಡಿ, ಪಕ್ಕದಲ್ಲಿ ನಡೆಯಿರಿ. ಕುದುರೆಯ ಅರ್ಧ ಬೆವರು ದಾರಿಯಲ್ಲೇ ಆರಿರುತ್ತದೆ.

ಎರಡು. ಉಸಿರು ಎಣಿಸಿ. ಆರಾಮಾಗಿರುವ ಕುದುರೆಯ ಉಸಿರು ನಿಮಿಷಕ್ಕೆ 8ರಿಂದ 16. ಸವಾರಿಯಿಂದ ಬಂದಾಗ 20ರ ಕೆಳಗೆ ಇಳಿಯುವವರೆಗೆ ನಡೆಸುತ್ತಿರಿ. ಏದುಸಿರು ಬಿಡುತ್ತಿರುವ ಕುದುರೆಯನ್ನು ಗಾಳಿಗೆ ಕಟ್ಟಬೇಡಿ.

ಮೂರು. ಜೀನು ಇಳಿಸಿದ ಕೂಡಲೇ ಅಲ್ಲಿ ಹೊಗೆಯಂತೆ ಆವಿ ಏಳುತ್ತದೆ. ಬೆವರು ಸೋರುತ್ತಿದ್ದರೆ ಪಟ್ಟಿಯಿಂದ ಕೂದಲ ದಿಕ್ಕಿಗೇ ಸೆಳೆದು ತೆಗೆಯಿರಿ. ಮೂಳೆ ಇರುವ ಕಡೆ, ಕಾಲಿನ ಕೆಳಗೆ ಪಟ್ಟಿ ಬೇಡ.

ನಾಲ್ಕು. ಟವೆಲ್ ತೆಗೆದುಕೊಂಡು ಕೂದಲ ಎದುರು ದಿಕ್ಕಿಗೆ, ಸುತ್ತು ಹಾಕುತ್ತಾ ಜೋರಾಗಿ ತಿಕ್ಕಿ. ಮಲಗಿದ ಕೂದಲು ಎದ್ದು ನಿಲ್ಲಬೇಕು, ಆಗಲೇ ಗಾಳಿ ಬುಡಕ್ಕೆ ಹೋಗುವುದು. ಮೊದಲು ಬೆನ್ನು ಮತ್ತು ಸೊಂಟ, ಆಮೇಲೆ ಎದೆ, ಕಿವಿಯ ಬುಡ, ಕೊನೆಗೆ ಹೊಟ್ಟೆಯ ಅಡಿ ಮತ್ತು ತೊಡೆ ಸಂದಿ. ಟವೆಲ್ ಒದ್ದೆಯಾದರೆ ಬದಲಿಸಿ. ಒದ್ದೆ ಟವೆಲ್‌ನಿಂದ ತಿಕ್ಕುವುದೆಂದರೆ ಬೆವರನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಿದಂತೆ.

ಐದು. ಬಿಸಿಲು ಬಂದಿದ್ದರೆ ಗಾಳಿ ಮರೆಯ ಬಿಸಿಲಲ್ಲಿ ಕಟ್ಟಿ. ಬಿಸಿಲು ಇಲ್ಲದಿದ್ದರೆ, ಸಂಜೆಯಾಗಿದ್ದರೆ, ಬೆನ್ನ ಮೇಲೆ ಒಣ ಹುಲ್ಲು ಒಂದು ಅಂಗೈ ದಪ್ಪಕ್ಕೆ ಹರವಿ, ಅದರ ಮೇಲೆ ಗೋಣಿ ಹೊದಿಸಿ ಸಡಿಲವಾಗಿ ಕಟ್ಟಿ. ಬೆವರಿನ ಆವಿ ಹುಲ್ಲಿನ ನಡುವೆ ಹಾದು ಗೋಣಿಗೆ ಬರುತ್ತದೆ. ಅರ್ಧ ಗಂಟೆಯಲ್ಲಿ ಗೋಣಿಯ ಹೊರಗೆ ತೇವ ಕಾಣುತ್ತದೆ, ಒಳಗೆ ಕುದುರೆ ಒಣಗಿರುತ್ತದೆ. ದುಡ್ಡು ಕೊಟ್ಟು ತಂದ ಜಾಲರಿ ಹೊದಿಕೆ ಮಾಡುವುದೂ ಇದನ್ನೇ. ಈ ಹುಲ್ಲು-ಗೋಣಿ ಒಣಗಿಸಲು ಮಾತ್ರ. ಒಣಗಿದ ಮೇಲೆ ತೆಗೆದುಬಿಡಿ.

ಆರು. ಒಣಗಿತೋ ಇಲ್ಲವೋ ಎಂದು ಮೇಲಿಂದ ನೋಡಿ ಹೇಳಬೇಡಿ. ಬೆರಳನ್ನು ಕೂದಲ ಬುಡಕ್ಕೆ ಇಳಿಸಿ. ಚರ್ಮ ತಣ್ಣಗೆ, ಜಿಗುಟಾಗಿ ತಾಗಿದರೆ ಇನ್ನೂ ಆಗಿಲ್ಲ. ಎದೆಯ ನಡುವೆ, ಹೊಟ್ಟೆಪಟ್ಟಿಯ ಜಾಗ ಕೊನೆಗೆ ಆರುತ್ತವೆ, ಅಲ್ಲಿಯೇ ಪರೀಕ್ಷಿಸಿ.

ಏಳು. ಪೂರ್ತಿ ಒಣಗಿದ ಮೇಲೆ ಮಾಲೀಸು. ರಬ್ಬರ್ ಬ್ರಷ್‌ನಿಂದ ಸುತ್ತು ಹಾಕುತ್ತಾ ಒಣಗಿದ ಬೆವರಿನ ಉಪ್ಪು ಎಬ್ಬಿಸಿ, ಗಡುಸು ಬ್ರಷ್‌ನಿಂದ ಕೊಡವಿ, ಮೆತ್ತನೆಯದರಿಂದ ಕೂದಲ ದಿಕ್ಕಿಗೆ ಒರೆಸಿ. ಮುಖಕ್ಕೆ, ಮೊಣಕಾಲಿನ ಕೆಳಗೆ ಮೆತ್ತನೆ ಬ್ರಷ್ ಮಾತ್ರ. ಒದ್ದೆ ಇರುವಾಗಲೇ ಬ್ರಷ್ ಆಡಿಸಿದರೆ ಕೊಳೆ ಚರ್ಮಕ್ಕೆ ಇಳಿದು ಕೂದಲು ಇನ್ನಷ್ಟು ಅಂಟುತ್ತದೆ. ಉಪ್ಪು ಉಳಿದರೆ ಕಡಿತ, ಕಡಿತದಿಂದ ತಿಕ್ಕಾಟ, ಅದರ ಮೇಲೆ ಜೀನು ಕೂತರೆ ಹುಣ್ಣು.

ಜೀನಿನ ಕೆಳಗಿನ ಪ್ಯಾಡನ್ನು ಮಡಚಿ ಇಡಬೇಡಿ. ಉಲ್ಟಾ ಮಾಡಿ ಬಿಸಿಲಿಗೆ ಹಾಕಿ. ನಾಳೆ ಬೆಳಗ್ಗೆ ಅದು ಒದ್ದೆ ಇದ್ದರೆ ಇವತ್ತು ಮಾಡಿದ್ದೆಲ್ಲ ವ್ಯರ್ಥ.

## ಹಂತ 5: ಹೊದಿಕೆ ಯಾರಿಗೆ, ಎಷ್ಟು ಹೊತ್ತು

ನಮ್ಮ ಕಡೆ ಕೂದಲು ಕತ್ತರಿಸದ, ಮೈತುಂಬಿದ, ಮರೆಯಿರುವ ಲಾಯದ ಕುದುರೆಗೆ ಹೊದಿಕೆ ಬೇಡ. ಇದು ನನ್ನ ಖಚಿತ ಮಾತು. ಹೊದಿಕೆ ಬೇಕಾಗುವುದು ಇವಕ್ಕೆ: ಕೂದಲು ಕತ್ತರಿಸಿಕೊಂಡದ್ದು, 20 ವರ್ಷ ದಾಟಿದ್ದು, ಕಾಯಿಲೆಯಿಂದ ಎದ್ದದ್ದು, ಪಕ್ಕೆಲುಬು ಕಾಣುವಷ್ಟು ಸೊರಗಿದ್ದು, ಮತ್ತು ತೆಳು ಚರ್ಮದ ರೇಸ್ ತಳಿಯ ಕುದುರೆಗಳಲ್ಲಿ ನಿಜವಾಗಿ ನಡುಗುವಂಥವು. ನವೆಂಬರ್‌ನಲ್ಲಿ ಚಂಡಮಾರುತದ ಮಳೆ ಹಿಡಿದು, ಜೊತೆಗೆ ಗಾಳಿ ಬೀಸಿದರೆ ಬಯಲಲ್ಲಿರುವ ಯಾವ ಕುದುರೆಗಾದರೂ ಆಸರೆ ಬೇಕು.

ನನ್ನ ಹೆಣ್ಣು ಕುದುರೆ ಚಂದ್ರಿಗೆ ಆದದ್ದನ್ನು ಹೇಳುತ್ತೇನೆ. ಒಂದು ಜನವರಿಯಲ್ಲಿ ಊರಿಗೆ ಹೋಗಿದ್ದೆ. ಕೆಲಗೇರಿ ಹತ್ತಿರದ ಲಾಯಕ್ಕೆ ಮರಳಿದಾಗ ಬೆಳಗಿನ ಹನ್ನೊಂದು ಗಂಟೆ. ಚುರುಕು ಬಿಸಿಲಲ್ಲಿ ಅವಳು ತಲೆ ತಗ್ಗಿಸಿ ನಿಂತಿದ್ದಳು, ಮೈಮೇಲೆ ಎರಡು ಹೊದಿಕೆ. ನೋಡಿಕೊಳ್ಳುವ ಹುಡುಗ ಅಕ್ಕರೆಯಿಂದಲೇ ಮಾಡಿದ್ದ. "ಅಕ್ಕಾರ, ರಾತ್ರಿ ಭಾಳ ಥಂಡಿ ಇತ್ರಿ, ಅದಕ್ಕ ಎರಡು ಹೊಚ್ಚೀನಿ" ಎಂದ. ಕೈ ಒಳಗೆ ಹಾಕಿದರೆ ಚರ್ಮ ಬಿಸಿ, ಕೂದಲು ತೊಯ್ದು ತೊಪ್ಪೆ. ಹೊದಿಸುವುದನ್ನು ಹೇಳಿಕೊಟ್ಟಿದ್ದೆ, ಯಾವಾಗ ತೆಗೆಯಬೇಕೆಂದು ಹೇಳಿರಲಿಲ್ಲ. ತಪ್ಪು ನನ್ನದು. ಆಮೇಲೆ ಬೆನ್ನ ಮೇಲೆ ಎದ್ದ ಹಕ್ಕಳೆ ಮಾಯಲು ಮೂರು ವಾರ ಬೇಕಾಯಿತು. ಅಷ್ಟೂ ದಿನ ಜೀನು ಹಾಕಲಿಲ್ಲ. ಈಗ ಲಾಯದ ಕಂಬದ ಮೇಲೆ ಹೊದಿಸುವ ಹೊತ್ತು, ತೆಗೆಯುವ ಹೊತ್ತು ಎರಡೂ ಬರೆದು ಅಂಟಿಸಿದ್ದೇನೆ: ರಾತ್ರಿ 9ಕ್ಕೆ ಹಾಕು, ಬೆಳಗ್ಗೆ 7ಕ್ಕೆ ತೆಗೆ. ನೀವೂ ಹಾಗೆಯೇ ಬರೆದು ಹಾಕಿ.

ಯಾವ ಹೊದಿಕೆ? ಒಂದು ತೆಳು ಹೊದಿಕೆ ಸಾಕು. ರಾಣೇಬೆನ್ನೂರು ಕಡೆಯ ಕುರಿ ಕಂಬಳಿ ಸಿಕ್ಕರೆ ಒಳ್ಳೆಯದು. ಉಣ್ಣೆ ಸ್ವಲ್ಪ ತೇವವಾದರೂ ಬೆಚ್ಚಗಿರುತ್ತದೆ. ಆದರೆ ಅದು ಚುಚ್ಚುತ್ತದೆ, ಒಳಗೆ ಹಳೆಯ ಹತ್ತಿ ಸೀರೆಯ ಪದರ ಕೊಡಿ. ಮನೆಯ ಕೌದಿ ನನಗೆ ಅಷ್ಟು ಒಪ್ಪಿಗೆಯಿಲ್ಲ. ಭಾರ ಜಾಸ್ತಿ, ಬೆವರು ಹೀರಿ ಬೇಗ ಒಣಗುವುದಿಲ್ಲ. ಪೂರ್ತಿ ಒಣಗಿದ ಕುದುರೆಗೆ, ಬೇರೇನೂ ಇಲ್ಲದ ರಾತ್ರಿ ಮಾತ್ರ ನಡೆದೀತು. ಎತ್ತಿನ ಝೂಲ ಬೇಡ. ಅದು ಎತ್ತಿನ ಬೆನ್ನಿಗೆ ಹೊಲಿದದ್ದು, ಕುದುರೆಯ ಹೆಗಲಿಗೆ ಕೂರುವುದಿಲ್ಲ.

ಕಂಬಳಿಯನ್ನು ಹಗ್ಗದಿಂದ ಬಿಗಿಯಬೇಡಿ. ಹಗ್ಗ ಬೆನ್ನುಮೂಳೆಯ ಮೇಲೇ ಒತ್ತುತ್ತದೆ. ನಾಲ್ಕು ಬೆರಳು ಅಗಲದ ಪಟ್ಟಿ ಬಳಸಿ, ಬೆನ್ನುಮೂಳೆಯ ಎರಡೂ ಬದಿಗೆ ಮಡಚಿದ ಬಟ್ಟೆ ಇಟ್ಟು, ಮೂಳೆಯ ಮೇಲೆ ಪಟ್ಟಿ ತಾಗದಂತೆ ಕಟ್ಟಿ. ಹೊಟ್ಟೆಯ ಕೆಳಗೆ ಅಂಗೈ ಹೋಗುವಷ್ಟು ಸಡಿಲ ಇರಲಿ.

ಹಾಕುವ ಸರದಿಯೂ ಮುಖ್ಯ. ಹೊದಿಕೆಯನ್ನು ಬೇಕಾದ್ದಕ್ಕಿಂತ ಸ್ವಲ್ಪ ಮುಂದೆ, ಕುತ್ತಿಗೆಯ ಮೇಲೆ ಇಟ್ಟು, ಕೂದಲ ದಿಕ್ಕಿಗೆ ಹಿಂದಕ್ಕೆ ಎಳೆಯಿರಿ. ಜಾಸ್ತಿ ಹಿಂದೆ ಹೋದರೆ ಮುಂದಕ್ಕೆ ತಳ್ಳಬೇಡಿ, ಎತ್ತಿ ಮತ್ತೆ ಇಡಿ. ಮೊದಲು ಎದೆಯ ಪಟ್ಟಿ, ಆಮೇಲೆ ಹೊಟ್ಟೆಯದು, ಕೊನೆಗೆ ಹಿಂಗಾಲಿನದು. ತೆಗೆಯುವಾಗ ಉಲ್ಟಾ. ಎದೆಯ ಪಟ್ಟಿ ಬಿಚ್ಚಿ ಹಿಂದಿನದು ಕಟ್ಟಿದ್ದಾಗ ಕುದುರೆ ಬೆದರಿದರೆ, ಹೊದಿಕೆ ಹಿಂದೆ ಜಾರಿ ಕಾಲಿಗೆ ಸುತ್ತಿಕೊಳ್ಳುತ್ತದೆ.

ಬೆಚ್ಚಗಿದೆಯೇ ಎಂದು ನೋಡಲು ಹೆಗಲ ಹಿಂದೆ, ಹೊದಿಕೆಯ ಒಳಗೆ ಕೈ ಹಾಕಿ. ಒಣಗಿದ್ದು ಉಗುರುಬೆಚ್ಚಗಿದ್ದರೆ ಸರಿ. ತೇವ ತಾಗಿದರೆ ಆ ಕ್ಷಣವೇ ತೆಗೆಯಿರಿ. ದಿನಕ್ಕೊಮ್ಮೆ ಪೂರ್ತಿ ಬಿಚ್ಚಿ ಹೆಗಲು, ಎದೆ, ಬೆನ್ನಿನ ಉಬ್ಬು ನೋಡಿ. ಕೂದಲು ಸವೆದಿದ್ದರೆ ಹೊದಿಕೆಯ ಅಳತೆ ತಪ್ಪಿದೆ.

## ಹಂತ 6: ಕೂದಲು ಕತ್ತರಿಸಬೇಕೇ?

ಹೆಚ್ಚಿನವರಿಗೆ ಬೇಡ. ವಾರಕ್ಕೆ ಐದಾರು ದಿನ ಜೋರಾಗಿ ಕೆಲಸ ಮಾಡುವ, ಕೂದಲು ದಟ್ಟ ಇರುವ, ಮೇಲಿನ ಎಲ್ಲ ಹಂತ ಮಾಡಿದರೂ ಒಂದು ಗಂಟೆಯಲ್ಲಿ ಆರದ ಕುದುರೆಗೆ ಮಾತ್ರ ಇದು ಬೇಕು. ಅದಕ್ಕೂ ಇಡೀ ಮೈ ಬೇಡ. ಜಾಸ್ತಿ ಬೆವರುವ ಜಾಗ, ಅಂದರೆ ಗಂಟಲ ಅಡಿ, ಎದೆ, ಹೊಟ್ಟೆಯ ಕೆಳಭಾಗ ಕತ್ತರಿಸಿದರೆ ಸಾಕು. ಬೆನ್ನು, ಜೀನಿನ ಜಾಗ, ಕಾಲು ಹಾಗೆಯೇ ಇರಲಿ. ಕಿವಿಯೊಳಗಿನ ಕೂದಲು, ಮೂತಿಯ ಮೀಸೆ ಮುಟ್ಟಬೇಡಿ. ಕತ್ತಲಲ್ಲಿ ಮೇವು, ಗೋಡೆ ಎಲ್ಲವನ್ನೂ ಅದು ಮೀಸೆಯಿಂದಲೇ ಗುರುತಿಸುವುದು.

ನವೆಂಬರ್ ಕೊನೆಯ ವಾರ ಒಳ್ಳೆಯ ಹೊತ್ತು. ಸಂಕ್ರಾಂತಿ ನಂತರ ಕತ್ತರಿಸಿದರೆ ಬರುತ್ತಿರುವ ಹೊಸ ಕೂದಲಿನ ತುದಿಯೂ ತುಂಡಾಗಿ ಬೇಸಿಗೆಯಲ್ಲಿ ಮೈ ಮಾಸಲಾಗಿ ಕಾಣುತ್ತದೆ.

ಹಿಂದಿನ ದಿನ ಮೈ ಸ್ವಚ್ಛವಾಗಿ ಉಜ್ಜಿ. ಕೊಳೆ, ತೇವ ಇದ್ದರೆ ಬ್ಲೇಡ್ ಸಿಕ್ಕಿಕೊಂಡು ಕೂದಲನ್ನು ಕೀಳುತ್ತದೆ. ಎರಡು ಬದಿ ಸಮ ಬರಲು ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಯಂತ್ರದ ಸದ್ದನ್ನು ಎರಡು ಮೂರು ದಿನ ದೂರದಿಂದ ಕೇಳಿಸಿ ರೂಢಿ ಮಾಡಿಸಿ. ವೈರು ಕುದುರೆಯ ಕಾಲಿಗೆ ಸಿಗದಂತೆ, ನೆಲ ಒಣಗಿರುವಂತೆ ನೋಡಿಕೊಳ್ಳಿ. ಕೂದಲ ಎದುರು ದಿಕ್ಕಿಗೆ, ಚರ್ಮವನ್ನು ಇನ್ನೊಂದು ಕೈಯಿಂದ ಬಿಗಿ ಹಿಡಿದು, ಉದ್ದಕ್ಕೆ ಎಳೆಯುತ್ತಾ ಹೋಗಿ. ಐದು ನಿಮಿಷಕ್ಕೊಮ್ಮೆ ಬ್ಲೇಡನ್ನು ನಿಮ್ಮ ಕೈಗೆ ತಾಗಿಸಿ ನೋಡಿ. ನಿಮಗೆ ಬಿಸಿ ಎನಿಸಿದರೆ ನಿಲ್ಲಿಸಿ, ಎಣ್ಣೆ ಬಿಟ್ಟು ತಣಿಯಲು ಬಿಡಿ. ಕುದುರೆ ತಟ್ಟನೆ ಕುಣಿಯಲು ಶುರುಮಾಡಿದರೆ ಅದು ಹಟವಲ್ಲ, ಬ್ಲೇಡ್ ಸುಡುತ್ತಿದೆ.

ಕತ್ತರಿಸಿದ ಮೇಲೆ ರಾತ್ರಿಯ ಹೊದಿಕೆ ನಿಮ್ಮ ಜವಾಬ್ದಾರಿ. ಅದು ಆಗದೆಂದರೆ ಕತ್ತರಿಸಲೂ ಬೇಡಿ.

## ಹಂತ 7: ಸ್ನಾನ

ಚಳಿಗಾಲದಲ್ಲಿ ಆದಷ್ಟು ಕಡಿಮೆ. ಮಾಡಿಸಲೇಬೇಕಾದರೆ ಬಿಸಿಲಿರುವ, ಗಾಳಿಯಿಲ್ಲದ ದಿನ, 11ರಿಂದ 1ರ ಒಳಗೆ, ಉಗುರುಬೆಚ್ಚನೆ ನೀರಲ್ಲಿ. ನಸುಕಿನ ಸವಾರಿಯಾದ ಕೂಡಲೇ ಪೈಪಿನ ತಣ್ಣೀರು ಹಾಯಿಸುವುದನ್ನು ಮಾಡಲೇಬೇಡಿ.

ಜಿಡ್ಡು ತೆಗೆಯಲು ಸ್ನಾನಕ್ಕಿಂತ ಬಿಸಿ ಬಟ್ಟೆ ಒಳ್ಳೆಯದು. ನಿಮ್ಮ ಕೈ ತಾಳುವಷ್ಟು ಬಿಸಿನೀರಲ್ಲಿ ಟವೆಲ್ ಅದ್ದಿ, ನೀರು ಒಂದು ಹನಿಯೂ ಬೀಳದಂತೆ ಹಿಂಡಿ, ಸ್ವಲ್ಪ ಸ್ವಲ್ಪ ಜಾಗವನ್ನೇ ಒರೆಸುತ್ತಾ ಹೋಗಿ. ಕೊಳೆ ಬಟ್ಟೆಗೆ ಬರುತ್ತದೆ, ಚರ್ಮ ಒದ್ದೆಯಾಗುವುದಿಲ್ಲ.

## ಹಂತ 8: ಒಳಗಿನ ಬೆಚ್ಚಗೆ

ಕುದುರೆಗೆ ಕಾವು ಕೊಡುವುದು ಕಾಳಿಗಿಂತ ಜಾಸ್ತಿ ಒಣಮೇವು. ನಾರಿನ ಮೇವು ಹೊಟ್ಟೆಯಲ್ಲಿ ಹುದುಗುವಾಗ ಗಂಟೆಗಟ್ಟಲೆ ಶಾಖ ಹುಟ್ಟುತ್ತದೆ. 400 ಕಿಲೋ ತೂಕದ ಕುದುರೆಗೆ ದಿನಕ್ಕೆ 6ರಿಂದ 8 ಕಿಲೋ ಒಣಮೇವು ಬೇಕು. ಚಳಿ ಜಾಸ್ತಿಯಾದಾಗ ರಾತ್ರಿಯ ಪಾಲು ಹೆಚ್ಚಿಸಿ. ಒಣ ಹುಲ್ಲು, ಜೋಳದ ಕಣಿಕೆ, ಶೇಂಗಾ ಹೊಟ್ಟು ಯಾವುದಾದರೂ ಇರಲಿ, ಬೂಸಲು ಹಿಡಿದದ್ದು ಬೇಡ. ಹಾವೇರಿ ಕಡೆಯವರು ಗೋವಿನಜೋಳದ ವಿಷಯದಲ್ಲಿ ವಿಶೇಷ ಎಚ್ಚರ ವಹಿಸಿ. ಬೂಸಲು ಹಿಡಿದ ಗೋವಿನಜೋಳ ದನಕ್ಕಿಂತ ಕುದುರೆಗೆ ಬಹಳ ಅಪಾಯ. ಮಿದುಳಿಗೇ ಪೆಟ್ಟು ಕೊಟ್ಟು ಜೀವ ತೆಗೆಯುತ್ತದೆ.

ಕೂದಲಿನ ಹೊಳಪಿಗೆ ನಮ್ಮ ಊರಿನ ಅಗಸಿ ಸಾಕು. ದಿನಕ್ಕೆ 50 ಗ್ರಾಂನಿಂದ ಶುರುಮಾಡಿ 100 ಗ್ರಾಂವರೆಗೆ ಏರಿಸಿ. ಆಗಾಗ ತಾಜಾ ಪುಡಿ ಮಾಡಿ ಒಣಗಿದ್ದಾಗಲೇ ಕೊಡಿ, ಇಲ್ಲವೇ ಚೆನ್ನಾಗಿ ಕುದಿಸಿ ಆರಿಸಿ ಕೊಡಿ. ಬರೀ ಬೆಚ್ಚನೆ ನೀರಲ್ಲಿ ನೆನೆಹಾಕಿ ಕೊಡಬೇಡಿ, ಅದರಲ್ಲಿ ವಿಷದ ಅಂಶ ಹುಟ್ಟುತ್ತದೆ.

ನೀರು ತಣ್ಣಗಿದ್ದರೆ ಕುದುರೆ ಕಡಿಮೆ ಕುಡಿಯುತ್ತದೆ, ಒಣಮೇವು ಹೊಟ್ಟೆಯಲ್ಲಿ ಗಟ್ಟಿಯಾಗಿ ಹೊಟ್ಟೆನೋವು ಬರುತ್ತದೆ. ಬೆಳಗ್ಗೆ, ರಾತ್ರಿ ಬೆಚ್ಚನೆ ನೀರು ಇಡಿ. ಮೇವಿನಲ್ಲಿ ಒಂದು ಹಿಡಿ ಉಪ್ಪು ಇರಲಿ. ಲದ್ದಿ ಚಿಕ್ಕದಾಗಿ, ಒಣಗಿ ಬರುತ್ತಿದ್ದರೆ ನೀರು ಸಾಲುತ್ತಿಲ್ಲ.

## ಹಂತ 9: ಕೂದಲು ಉದುರುವ ಕಾಲ

ಸಂಕ್ರಾಂತಿ ಕಳೆದು ಭಾರತ ಹುಣ್ಣಿಮೆ ಹೊತ್ತಿಗೆ ಬ್ರಷ್‌ಗೆ ಕೂದಲು ಬರತೊಡಗುತ್ತದೆ. ಶಿವರಾತ್ರಿಗೆ ಹೊರೆಗಟ್ಟಲೆ. ಈಗ ದಿನಕ್ಕೆ 20 ನಿಮಿಷ ರಬ್ಬರ್ ಬ್ರಷ್ ಆಡಿಸಿ. ಸತ್ತ ಕೂದಲು ಮೈಮೇಲೇ ಉಳಿದರೆ ಬಿಸಿಲಿಗೆ ಕಡಿತ ಜಾಸ್ತಿ. ಕೈಯಿಂದ ಹಿಡಿದು ಕೀಳಬೇಡಿ, ತಾನಾಗೇ ಬಿಟ್ಟದ್ದು ಮಾತ್ರ ಬರಲಿ. ಈ ದಿನಗಳಲ್ಲಿ ಮಧ್ಯಾಹ್ನ ಸೆಕೆ, ಮೈಮೇಲೆ ಇನ್ನೂ ಚಳಿಗಾಲದ ಕೂದಲು. ಹಾಗಾಗಿ ಸವಾರಿ ಬೆಳಗಿನ ಎಂಟರೊಳಗೆ ಮುಗಿಸಿ.

## ಈ ಗುರುತು ಕಂಡರೆ ಕಾಯಬೇಡಿ

ನಡುಕ, ತಣ್ಣನೆ ಕಿವಿಬುಡ, ಬಾಲ ಒತ್ತಿಕೊಂಡು ನಿಲ್ಲುವುದು. ಒರೆಸಿ, ಗಾಳಿ ಮರೆಗೆ ತನ್ನಿ, ಒಣಮೇವು ಹಾಕಿ. ಅರ್ಧ ಗಂಟೆಯಲ್ಲಿ ನಿಲ್ಲದಿದ್ದರೆ ಜ್ವರ ನೋಡಿ. 37.5ರಿಂದ 38.5 ಡಿಗ್ರಿ ಸೆಲ್ಸಿಯಸ್ ಸಹಜ. ಅದಕ್ಕಿಂತ ಮೇಲಿದ್ದರೆ ವೈದ್ಯರು ಬೇಕು.

ಬೆನ್ನ ಮೇಲೆ ಹಕ್ಕಳೆ, ಕಿತ್ತರೆ ಕುಂಚದಂತೆ ಕೂದಲ ಗೊಂಚಲು. ಒದ್ದೆ ಚರ್ಮದಲ್ಲಿ ಬೆಳೆಯುವ ಸೂಕ್ಷ್ಮಜೀವಿಯ ಕೆಲಸ. ಹೊದಿಕೆ, ಜೀನು ನಿಲ್ಲಿಸಿ. ಹಕ್ಕಳೆಯನ್ನು ಬಲವಂತವಾಗಿ ಕೀಳಬೇಡಿ.

ದುಂಡಗೆ ಕೂದಲು ಹೋದ ಜಾಗ. ಗಜಕರ್ಣ ಇರಬಹುದು. ಮನುಷ್ಯರಿಗೂ ಅಂಟುತ್ತದೆ. ಆ ಕುದುರೆಯ ಬ್ರಷ್, ಜೀನು, ಹೊದಿಕೆ ಬೇರೆ ಇಡಿ, ಕೈಗವಸು ಹಾಕಿ ಮುಟ್ಟಿ.

ಜೂಲು, ಬಾಲದ ಬುಡವನ್ನು ಗೋಡೆಗೆ ತಿಕ್ಕುವುದು. ಹೇನು ಚಳಿಗಾಲದಲ್ಲೇ ಜಾಸ್ತಿ. ಬಿಸಿಲಲ್ಲಿ ಕೂದಲು ಬಿಡಿಸಿ ನೋಡಿ.

ಕಾಲು, ಮೈಮೇಲೆ ಸಾಲಾಗಿ ಗಂಟು ಎದ್ದು ಒಡೆಯುವುದು, ಮೂಗಿನಿಂದ ಗಟ್ಟಿ ಸಿಂಬಳ, ಜ್ವರ. ಇದನ್ನು ಚರ್ಮದ ಕಾಯಿಲೆ ಎಂದು ಮನೆಮದ್ದು ಮಾಡುತ್ತಾ ಕೂರಬೇಡಿ. ಗ್ಲಾಂಡರ್ಸ್ ಇರಬಹುದು. ಅದು ಮನುಷ್ಯರಿಗೆ ಹರಡುವ ಪ್ರಾಣಾಂತಿಕ ರೋಗ, ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗ. ಬರಿಗೈಲಿ ಮುಟ್ಟಬೇಡಿ, ಬೇರೆ ಕುದುರೆಯಿಂದ ದೂರ ಕಟ್ಟಿ, ಕೂಡಲೇ ಪಶು ಆಸ್ಪತ್ರೆಗೆ ತಿಳಿಸಿ. ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962ಕ್ಕೆ ಕರೆ ಮಾಡಬಹುದು.

ಯುಗಾದಿ ದಾಟಿದರೂ ಉದುರದ, ಉದ್ದಕ್ಕೆ ಗುಂಗುರಾದ ಕೂದಲು. ವಯಸ್ಸಾದ ಕುದುರೆಯಲ್ಲಿ ಇದು ಬರೀ ಕೂದಲಿನ ಮಾತಲ್ಲ. ಮಿದುಳಿನ ಬುಡದ ಗ್ರಂಥಿಯ ಕಾಯಿಲೆಯ ಗುರುತು ಇರಬಹುದು. ಇಂಥ ಕುದುರೆಗೆ ನೀರಡಿಕೆ, ಉಚ್ಚೆ ಜಾಸ್ತಿ, ಬೆನ್ನಿನ ಮಾಂಸ ಕರಗುತ್ತದೆ, ಗೊರಸು ನೋವಿನಿಂದ ಕುಂಟುತ್ತದೆ. ಕೂದಲು ಕತ್ತರಿಸಿ ಸೆಕೆ ತಪ್ಪಿಸಿ, ಬೆಲ್ಲ ಮತ್ತು ಕಾಳು ನಿಲ್ಲಿಸಿ, ವೈದ್ಯರಿಂದ ರಕ್ತ ಪರೀಕ್ಷೆ ಮಾಡಿಸಿ.